ಬೆನ್ನ ಹಿಂದಿನ ಟ್ಯಾಂಕು

ಅಣ್ಣ ತೀರಿಕೊಂಡು ಹನ್ನೊಂದನೆಯ ದಿನದ ಕೆಲಸ ಮುಗಿಯಿತು. ಶಾಮಿಯಾನದವರು ಕಂಬ ಕಿತ್ತುಕೊಂಡು ಹೋದ ಮೇಲೆ ಅತ್ತಿಗೆ ನನ್ನನ್ನು ಕರೆದು ಗೇಟಿನ ಒಳಗೆ ನಿಂತಿದ್ದ ಪಿಕಪ್ ಕಡೆ ಕೈ ತೋರಿಸಿದರು.

"ಆ ಟ್ಯಾಂಕ್ ಒಳಗಿಂದ ಹೋಗ್ಬೇಕು. ಇಲ್ಲಾಂದ್ರೆ ಗಾಡೀನೇ ಹೋಗ್ಬೇಕು. ಎರಡರಲ್ಲಿ ಯಾವುದು ಅಂತ ನೀನೇ ನೋಡ್ಕೊ ಕಣಪ್ಪ."

ಆರು ವಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಆಮೇಲೆ ಹನ್ನೊಂದು ದಿನ ಬಂದವರಿಗೆಲ್ಲ ಅವನ ಕಾಯಿಲೆಯ ಕಥೆಯನ್ನೇ ಹೇಳಿ ಹೇಳಿ ಬಾಯಿ ಸೋತಿತ್ತು. ಹೂಂ ಅಂದು ಮೇಲಿನ ಮನೆಗೆ ಹೋಗಿ ಮಲಗಿದೆ. ಚಂದ್ರಾ ಲೇಔಟಿನ ಆ ಮನೆಯಲ್ಲಿ ಅಣ್ಣ ಅತ್ತಿಗೆ ಕೆಳಗೆ, ನಾನು ಮೇಲೆ. ನಾನು ಮದುವೆಯಾದವನಲ್ಲ. ಊಟ ಮೊದಲಿಂದಲೂ ಕೆಳಗೇ.

ಆ ಪಿಕಪ್ ನಮ್ಮಪ್ಪ ಹರಾಜಿನಲ್ಲಿ ಹಿಡಿದದ್ದು. ನನಗಿಂತ ವಯಸ್ಸಾದ ಗಾಡಿ. ದುಂಡು ಮೂತಿ, ಒಂದೇ ಉದ್ದದ ಸೀಟು, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಆ ಕಾಲದ ಇಂಥ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ನಿನ ಒಳಗೇ, ಸೀಟಿನ ಹಿಂದೆ ನಿಂತಿರುತ್ತದೆ. ಕೂತವರ ಬೆನ್ನಿಗೂ ಪೆಟ್ರೋಲಿಗೂ ಮಧ್ಯೆ ಒಂದು ತಗಡು, ಸ್ವಲ್ಪ ತೆಂಗಿನ ನಾರು, ಮೇಲೆ ರೆಕ್ಸಿನ್. ಅದರ ಮುಚ್ಚಳ ಮಾತ್ರ ಹೊರಗೆ, ಡ್ರೈವರ್ ಬಾಗಿಲಿನ ಹಿಂಭಾಗದಲ್ಲಿ. ಅಣ್ಣ ದಿನಾ ಬೆಳಗ್ಗೆ ಬನಿಯನ್ ಬಟ್ಟೆಯಲ್ಲಿ ಆ ಮುಚ್ಚಳ ಒರೆಸುತ್ತಿದ್ದ. ಮೊದಲು ಮುಚ್ಚಳ, ಆಮೇಲೆ ಗಾಜು, ಆಮೇಲೆ ಕಾಫಿ.

ಮೂವತ್ತು ವರ್ಷ ಅವನು ಅದರಲ್ಲಿ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ಗಳಿಗೆ ಬಟ್ಟೆಯ ಬಂಡಲ್ ಹೊಡೆದ. ಹೊಸ ಗಾಡಿಗಳು ಬಂದು ಬಾಡಿಗೆ ಕಡಿಮೆಯಾದ ಮೇಲೂ ಮಾರಲಿಲ್ಲ. ಟ್ಯಾಂಕ್ ಹಿಂದಕ್ಕೆ ಹಾಕಿಸು ಅಂತ ಯಾರಾದರೂ ಅಂದರೆ, "ಒರಿಜಿನಲ್ ಗಾಡಿ ಇದು, ಕೈ ಹಾಕ್ಬಾರ್ದು" ಅನ್ನುತ್ತಿದ್ದ. ಅತ್ತಿಗೆಗೆ ಒಳಗಿನ ಪೆಟ್ರೋಲ್ ವಾಸನೆ ಆಗುತ್ತಲೇ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಎರಡು ಸಲ ಕೂತು ಎರಡು ಸಲವೂ ವಾಂತಿ ಮಾಡಿಕೊಂಡಿದ್ದರಂತೆ. ಒಮ್ಮೆ ಕೆಂಗೇರಿಯಲ್ಲಿ ನೆಂಟರ ಮನೆಯ ಗೃಹಪ್ರವೇಶ. "ನೀವು ಬಾಂಬ್ ಬೆನ್ನಿಗಿಟ್ಕೊಂಡು ಬನ್ನಿ, ನಾನು ಬಸ್ಸಲ್ಲಿ ಬರ್ತೀನಿ" ಎಂದು ಅತ್ತಿಗೆ ಸ್ಟಾಪಿಗೆ ನಡೆದುಬಿಟ್ಟರು. ಅಣ್ಣ ಇಡೀ ದಾರಿ ಆ ಬಸ್ಸಿನ ಹಿಂದೆಯೇ ಗಾಡಿ ಓಡಿಸಿದ. ಪ್ರತಿ ಸ್ಟಾಪಿನಲ್ಲೂ ಹಾರ್ನ್ ಹೊಡೆದ. ಅತ್ತಿಗೆ ಕಿಟಕಿಯಿಂದ ಒಂದು ಸಲವೂ ತಿರುಗಿ ನೋಡಲಿಲ್ಲ.

ಅವನಿಗೆ ಬಂದದ್ದು ಶ್ವಾಸಕೋಶದ ಕಾಯಿಲೆ. ಪೆಟ್ರೋಲ್ ವಾಸನೆಯಿಂದ ಹೀಗಾಯಿತಾ ಅಂತ ಅತ್ತಿಗೆ ಡಾಕ್ಟರನ್ನು ಕೇಳಿದರು. ಇಂಥದ್ದೇ ಕಾರಣ ಅಂತ ಹೇಳುವುದಕ್ಕೆ ಆಗುವುದಿಲ್ಲ, ಬೀಡಿಯೂ ಇತ್ತಲ್ಲ ಅಂದರು ಡಾಕ್ಟರು. ಅತ್ತಿಗೆಯ ಕಿವಿಗೆ ಬೀಡಿ ಬೀಳಲಿಲ್ಲ. ನಾನೂ ವಾದ ಮಾಡಲಿಲ್ಲ. ಯಾವುದಾದರೂ ಒಂದರ ಮೇಲೆ ಅವರಿಗೆ ಸಿಟ್ಟು ಬೇಕಿತ್ತು.

ಮುಂದಿನ ವಾರ ಗುಜರಿಯವನು ಬಂದು ಗಾಡಿಯ ಸುತ್ತ ಎರಡು ರೌಂಡ್ ಹಾಕಿದ. ಅತ್ತಿಗೆಯೇ ಕರೆಸಿದ್ದರು. ಅವನು ಬಾನೆಟ್ ಮೇಲೆ ಬೆರಳಿನಿಂದ ತಟ್ಟಿ, "ತಗಡು ಗಟ್ಟಿ ಇದೆ ಸಾರ್" ಅಂದ. ಆ ತಟ್ಟಿದ ಸದ್ದು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಹದಿನೈದು ದಿನ ಟೈಮ್ ಕೊಡಿ ಅತ್ತಿಗೆ, ಟ್ಯಾಂಕ್ ತೆಗೆಸ್ತೀನಿ ಎಂದೆ. ಮುಟ್ಟಬಾರದು ಅಂತ ಅಣ್ಣ ಹೇಳಿದ್ದನ್ನು ಮುಟ್ಟಿದರೆ ಮಾತ್ರ ಅವನ ಗಾಡಿ ಉಳಿಯುತ್ತದೆ. ಬೇರೆ ದಾರಿ ಇರಲಿಲ್ಲ.

ಕಾಮಾಕ್ಷಿಪಾಳ್ಯದ ಒಂದು ಅಡ್ಡರಸ್ತೆಯಲ್ಲಿ ಟ್ಯಾಂಕು, ರೇಡಿಯೇಟರ್ ಬೆಸುಗೆ ಹಾಕುವ ಮೇಸ್ತ್ರಿಯೊಬ್ಬರಿದ್ದಾರೆ. ಗದಗಿನ ಕಡೆಯವರು. ಮೂವತ್ತು ವರ್ಷ ನಮ್ಮಣ್ಣ ಬೀಡಿ ಸೇದುತ್ತಾ ಓಡಿಸಿದ ಗಾಡಿ ಅಂದೆ. ಬಾಗಿಲು ತೆಗೆದು ಒಳಗೆ ಮೂಗು ಹಾಕಿದವರೇ ಹಿಂದಕ್ಕೆ ಬಂದರು.

"ಏನ್ರೀ ಅಣ್ಣಾರ, ಇದನ್ನ ಬೆನ್ನಿಗೆ ಕಟ್ಕೊಂಡು ಮೂವತ್ತು ವರ್ಷ ಅಡ್ಡಾಡ್ಯಾರೇನ್ರೀ ನಿಮ್ಮಣ್ಣ? ಮ್ಯಾಲೆ ಬೀಡಿ ಬ್ಯಾರೆ?"

"ಹೂಂ."

"ಗಟ್ಟಿ ಗುಂಡಿಗಿ ಬಿಡ್ರೀ."

ಎಲ್ಲಿದ್ದಾರೆ ಅವರು ಅಂತ ಕೇಳಿದರು. ಹೇಳಿದೆ. ಅವರು ಒಳಗೆ ಹೋಗಿ ಪೆಟ್ರೋಲ್ ಇಳಿಸಲು ಡಬ್ಬ ತಂದರು.

ಕೆಲಸ ನಾನು ಅಂದುಕೊಂಡದ್ದಕ್ಕಿಂತ ದೊಡ್ಡದಿತ್ತು. ಮೊದಲು ಹಳೆಯ ಪೆಟ್ರೋಲ್ ಇಳಿಸಿದರು. ಕಾಫಿ ಬಣ್ಣಕ್ಕೆ ತಿರುಗಿತ್ತು. ಸೀಟು ಬಿಚ್ಚಿ, ಪಟ್ಟಿ ಕಡಿದು, ಟ್ಯಾಂಕನ್ನು ಇಬ್ಬರೂ ಹಿಡಿದು ಬಾಗಿಲಿನಿಂದ ಓರೆಯಾಗಿ ಎಳೆದೆವು. ಆ ಟ್ಯಾಂಕು ಎತ್ತರಕ್ಕೆ ನಿಲ್ಲುವಂಥದ್ದು, ಗಾಡಿಯ ಕೆಳಗೆ ಕೂರುವುದಿಲ್ಲ. ಹಾಗಾಗಿ ಮೇಸ್ತ್ರಿ ಚಪ್ಪಟೆಯಾದ ಹೊಸ ಟ್ಯಾಂಕು ಮಾಡಿದರು. ಹಿಂದಿನ ಚಕ್ರಗಳಾಚೆ, ಚಾಸಿಯ ಎರಡು ಕಬ್ಬಿಣಗಳ ನಡುವೆ ಅದನ್ನು ರಬ್ಬರ್ ಇಟ್ಟು ಪಟ್ಟಿಯಲ್ಲಿ ಬಿಗಿದರು. ಇಂಜಿನ್ನಿನ ತನಕ ಉದ್ದದ ಹೊಸ ಪೈಪು ಎಳೆದರು. ಪೆಟ್ರೋಲ್ ಹಾಕುವ ಬಾಯಿಯನ್ನು ಹಿಂದಿನ ಲೈಟಿನ ಪಕ್ಕ ಮಾಡಿದರು. ದಿನಾ ಮಧ್ಯಾಹ್ನ ನಾನು ಕೆಲಸ ಮಾಡುವ ಗಾರ್ಮೆಂಟ್ಸ್ ಸ್ಟೋರಿನಿಂದ ಅರ್ಧ ದಿನ ರಜೆ ಹಾಕಿ ಹೋಗಿ ಅವರ ಅಂಗಡಿಯ ಮುಂದೆ ಒಂದು ಟೈರಿನ ಮೇಲೆ ಕೂರುತ್ತಿದ್ದೆ. ಮಾಡುವುದಕ್ಕೆ ನನಗೇನೂ ಇರಲಿಲ್ಲ. ಎದುರಿಗೆ ಬಸ್ಸುಗಳು ಹೋಗುತ್ತಿದ್ದವು, ನೋಡುತ್ತಿದ್ದೆ.

ಕೊನೆಗೆ ಹೊರಗಿನ ಹಳೆಯ ಮುಚ್ಚಳದ ಜಾಗಕ್ಕೆ ಬಂದರು. ಅದನ್ನು ತೆಗೆದು ತೂತಿಗೆ ತಗಡು ಹಾಕಿ ಬೆಸೆಯಬೇಕು ಎಂದರು.

"ಅದಿರ್ಲಿ ಬಿಡಿ ಮೇಸ್ತ್ರಿ. ನೋಡೋಕೆ ಹಾಗೇ ಇರ್ಲಿ."

"ಬ್ಯಾಡ್ರೀ. ಬಾಯಿ ಇದ್ದಲ್ಲಿ ಯಾವನರ ಒಬ್ಬ ಸುರಿತಾನ. ಒಳಗ ಟ್ಯಾಂಕ್ ಇಲ್ಲ, ನೆನಪಿರ್ಲಿ."

"ಓಡಿಸೋನು ನಾನೊಬ್ನೇ. ನಂಗೆ ಗೊತ್ತಿರುತ್ತಲ್ಲ."

ಮೇಸ್ತ್ರಿ ನನ್ನ ಮುಖ ನೋಡಿ ಕೈಯೊರೆಸಿಕೊಂಡರು. ಅಣ್ಣ ಒರೆಸಿ ಒರೆಸಿ ಆ ಮುಚ್ಚಳದ ಮೇಲಿನ ಅಕ್ಷರಗಳೇ ಸವೆದುಹೋಗಿದ್ದವು. ಅಷ್ಟೊಂದು ಕೊಯ್ದ ಮೇಲೆ ಅದೊಂದಾದರೂ ಇದ್ದ ಜಾಗದಲ್ಲಿ ಇರಲಿ ಅಂತ ನನಗೆ ಅನ್ನಿಸಿತು. ಅತ್ತಿಗೆಗೆ ಇದನ್ನು ಹೇಳಲಿಲ್ಲ.

ಗಾಡಿ ತೆಗೆದುಕೊಂಡು ಮಾಗಡಿ ರಸ್ತೆಯ ಬಂಕಿಗೆ ಹೋದೆ. ಮೇಸ್ತ್ರಿ ಹಾಕಿಕೊಟ್ಟಿದ್ದ ಎರಡು ಲೀಟರ್ ಬಿಟ್ಟರೆ ಟ್ಯಾಂಕಿನಲ್ಲಿ ಏನೂ ಇರಲಿಲ್ಲ. ಇಂಜಿನ್ ಆಫ್ ಮಾಡಿದೆ. ಇಳಿದು ಕೈ ಹಾಕಿ ಮುಚ್ಚಳ ತಿರುಗಿಸಿ ತೆಗೆದುಕೊಟ್ಟೆ. ಯಾವ ಮುಚ್ಚಳ ಅಂತ ನನ್ನ ಕೈ ಕೇಳಲಿಲ್ಲ. ಚಿಕ್ಕಂದಿನಿಂದ ತೆಗೆದದ್ದು ಅದನ್ನೇ. ಬಂಕಿನ ಹುಡುಗಿ "ಝೀರೋ ನೋಡಿ ಅಂಕಲ್" ಅಂದಳು. ನೋಡಿದೆ. ನೋಡುತ್ತಾ ನಿಂತೆ. ಹಿಂದಿನ ಬೈಕಿನವನು ಕೂಗಿದಾಗಲೇ ಎಚ್ಚರವಾದದ್ದು.

"ಅಂಕಲ್! ಬಾಗಿಲಿಂದ ಸುರೀತಾ ಇದೆ! ನಿಲ್ಸಿ, ನಿಲ್ಸಿ!"

ಕ್ಯಾಬಿನ್ನಿನ ಬಾಗಿಲಿನ ಅಡಿಯಿಂದ ಪೆಟ್ರೋಲ್ ನೆಲಕ್ಕೆ ಇಳಿಯುತ್ತಿತ್ತು. ಹುಡುಗಿ ಪೈಪು ಕಿತ್ತಳು. ಯಾರೋ ಮರಳಿನ ಬಕೆಟ್ ತಂದು ಚೆಲ್ಲಿದರು. ನಾಲ್ಕು ಜನ ಸೇರಿ ಗಾಡಿ ತಳ್ಳಿ ಬಂಕಿನ ಆಚೆ ಖಾಲಿ ಸೈಟಿಗೆ ಬಿಟ್ಟರು. ಒಬ್ಬ ಹುಡುಗ, "ಏನ್ ಗುರು, ಸೀಟ್ಗೆ ಪೆಟ್ರೋಲ್ ಕುಡಿಸ್ತಿದೀರಾ?" ಅಂದ. ಎಲ್ಲರೂ ನಕ್ಕರು. ನನಗೆ ಸಿಟ್ಟೂ ಬರಲಿಲ್ಲ, ಭಯವೂ ಆಗಲಿಲ್ಲ. ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಮೇಸ್ತ್ರಿಗೆ ಫೋನ್ ಮಾಡಿದೆ.

ಅವರು ಮೊಪೆಡ್ಡಿನಲ್ಲಿ ಬಂದರು. ಒಳಗೆ ನೋಡಿದರು, ನನ್ನನ್ನು ನೋಡಿದರು.

"ನಂಗ ಗೊತ್ತಿರ್ತದ ಅಂದ್ರಿ."

"ಹೂಂ ಮೇಸ್ತ್ರಿ."

"ಬೆಂಕಿ ಹತ್ತಿದ್ರ ನಿಮ್ಮಣ್ಣನ ಬಾಜೂಕ ನೀವೂ ಹೋಗಿ ಕೂಡ್ತಿದ್ರಿ, ನೋಡ್ರಿ."

ಬ್ಯಾಟರಿ ವೈರು ಕಿತ್ತು, ಬಾಗಿಲು ತೆರೆದಿಟ್ಟು, ಒಂದಿಡೀ ದಿನ ಗಾಳಿಗೆ ಬಿಟ್ಟೆವು. ಆಮೇಲೆ ಸೋಪಿನ ನೀರಿನಲ್ಲಿ ಮೂರು ಸಲ ತೊಳೆದೆವು. ಸೀಟಿನ ನಾರು ಪೂರ್ತಿ ಕುಡಿದಿತ್ತು. ಅದನ್ನು ಬಿಸಾಡಿದೆವು.

ಆದರೆ ಅದಕ್ಕೆ ಮೊದಲು, ಬಂಕಿನಿಂದ ಬಂದ ಸಂಜೆಯೇ, ಅತ್ತಿಗೆಗೆ ಗೊತ್ತಾಯಿತು. ನಾನು ಚಪ್ಪಲಿ ಬಿಡುವ ಮೊದಲೇ ಅವರು ಅಡುಗೆಮನೆಯಿಂದ ಹೊರಗೆ ಬಂದರು.

"ಏನಿದು ವಾಸನೆ?"

ಸುಳ್ಳು ಹೇಳುವುದಕ್ಕೆ ಯೋಚನೆ ಮಾಡಬೇಕು. ಅಷ್ಟು ಆಗಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ಅವರು ಬಾಗಿಲಿಗೆ ಒರಗಿ ಕೇಳಿಸಿಕೊಂಡರು.

"ಆ ಮುಚ್ಚಳ ಯಾಕೆ ಉಳಿಸ್ದೆ?"

"ಅಣ್ಣ ದಿನಾ ಒರೆಸ್ತಿದ್ದ ಅತ್ತಿಗೆ."

"ಹೂಂ. ಒರೆಸ್ತಿದ್ರು." ಸ್ವಲ್ಪ ತಡೆದು ಅಂದರು, "ಆರು ವಾರ ಅವರನ್ನ ಒರೆಸಿದ್ದು ನಾನು. ಮೈಯೆಲ್ಲ. ಅದು ನಿಂಗೆ ನೆನಪಾಗ್ಲಿಲ್ವಾ?"

ಆಸ್ಪತ್ರೆಯಲ್ಲಿ ನಾನು ಬೆಂಚಿನ ಮೇಲಿದ್ದೆ. ಒಳಗಿದ್ದದ್ದು ಅವರು. ಪ್ಲಾಸ್ಟಿಕ್ ಬೇಸಿನ್ ಹಿಡಿದು ಹೊರಗೆ ಬಂದು, ನೀರು ಚೆಲ್ಲಿ, ಮತ್ತೆ ಒಳಗೆ ಹೋಗುತ್ತಿದ್ದರು. ದಿನಕ್ಕೆ ಮೂರು ಸಲ ನನ್ನ ಮುಂದೆಯೇ ಹಾದುಹೋಗಿದ್ದರು. ಬಂದವರಿಗೆ ನಾನು ಹನ್ನೊಂದು ದಿನ ಹೇಳಿದ ಕಥೆಯಲ್ಲಿ ಆ ಬೇಸಿನ್ ಎಲ್ಲೂ ಇರಲಿಲ್ಲ.

"ನಾಳೆ ಗುಜರಿಯವನಿಗೆ ಬರೋಕೆ ಹೇಳ್ಲಾ ಅತ್ತಿಗೆ?" ಎಂದೆ. ನಿಜವಾಗಿಯೇ ಕೇಳಿದ್ದು. ಸಾಕಾಗಿತ್ತು.

"ಹದಿನೈದು ದಿನ ಅಂತ ನೀನೇ ತಾನೆ ಹೇಳಿದ್ದು. ಇನ್ನೂ ಐದು ದಿನ ಇದೆ. ಮೊದ್ಲು ಸ್ನಾನ ಮಾಡಿ ಬಾ, ಅನ್ನ ಬಡಿಸ್ತೀನಿ."

ಮೇಸ್ತ್ರಿ ಮುಚ್ಚಳ ಕಿತ್ತು, ತೂತಿಗೆ ತಗಡಿಟ್ಟು ಬೆಸೆದು, ಉಜ್ಜಿ ಸಮ ಮಾಡಿದರು. ಮುಚ್ಚಳವನ್ನು ನನ್ನ ಕೈಗೆ ಕೊಡಲು ಬಂದರು. ನೀವೇ ಇಟ್ಕೊಳ್ಳಿ ಮೇಸ್ತ್ರಿ ಎಂದೆ. ಬೆಸೆದ ತಗಡಿನ ಮೇಲೆ ಹೊಡೆಸಿದ ಬಣ್ಣ ಗಾಡಿಯ ಬಣ್ಣಕ್ಕೆ ಹೊಂದಲಿಲ್ಲ. ಗಾಯ ಒಣಗಿದ ಜಾಗದ ಹಾಗೆ ಕಾಣುತ್ತದೆ, ಈಗಲೂ. ಸೀಟಿಗೆ ಹೊಸ ಸ್ಪಂಜು ಹಾಕಿಸಿದೆ. ಟ್ಯಾಂಕು ಹೋದದ್ದರಿಂದ ಸೀಟು ನಾಲ್ಕು ಬೆರಳು ಹಿಂದಕ್ಕೆ ಸರಿಯಿತು. ಅಣ್ಣ ನನಗಿಂತ ಎತ್ತರ. ಅವನ ಮೊಣಕಾಲು ಸದಾ ಸ್ಟೀರಿಂಗಿಗೆ ತಗಲುತ್ತಿತ್ತು. ಈಗ ಅವನ ಕಾಲಿಗೆ ಸರಿಯಾಗುವಷ್ಟು ಜಾಗವಾಗಿದೆ, ನನಗೆ ಕ್ಲಚ್ ಎಟುಕುವುದಿಲ್ಲ. ಬೆನ್ನಿಗೆ ದಿಂಬು ಇಟ್ಟುಕೊಂಡೆ.

ಹದಿನೈದನೆಯ ದಿನ ಭಾನುವಾರ. ಗಾಡಿ ಗೇಟಿನ ಮುಂದೆ ನಿಲ್ಲಿಸಿದೆ. ಅತ್ತಿಗೆ ಸೆರಗಿಗೆ ಕೈಯೊರೆಸಿಕೊಳ್ಳುತ್ತಾ ಬಂದು ಬಾಗಿಲು ತೆಗೆದರು. ಹತ್ತಲಿಲ್ಲ. ತಲೆ ಒಳಗೆ ಹಾಕಿ ಸೀಟಿನ ಹಿಂದೆ, ಕೆಳಗೆ, ಮೂಲೆಯಲ್ಲಿ ಮೂಸಿದರು. ತರಕಾರಿ ಅಂಗಡಿಯಲ್ಲಿ ಸೊಪ್ಪು ನೋಡುವ ಹಾಗೆ ನೋಡಿದರು. ನಾನು ಸ್ಟೀರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಿದ್ದೆ.

"ಸೋಪಿನ ವಾಸನೆ" ಅಂದರು.

"ಹೂಂ."

"ಅನ್ನಪೂರ್ಣೇಶ್ವರಿ ನಗರದ ತನಕ ಹೋಗಿ ವಾಪಸ್ ಬರೋಣ. ವಾಂತಿ ಬಂದ್ರೆ ಹೇಳ್ತೀನಿ, ನಿಲ್ಸು. ಆಮೇಲೆ ಗಾಡಿ ವಿಷಯ ಮಾತಾಡೋ ಹಾಗಿಲ್ಲ."

ಒಂದು ಪ್ಲಾಸ್ಟಿಕ್ ಕವರ್ ಮಡಿಸಿ ಕೈಯಲ್ಲಿ ಹಿಡಿದುಕೊಂಡೇ ಹತ್ತಿದರು. ಬೆನ್ನು ಸೀಟಿಗೆ ತಾಗದ ಹಾಗೆ ಮುಂದೆ ಸರಿದು ಕೂತರು. ನಾನು ಹಂಪು ಬಂದಲ್ಲೆಲ್ಲ ನಿಧಾನ ಮಾಡಿದೆ. ನಾಗರಬಾವಿಯ ಸಿಗ್ನಲ್ಲಿನಲ್ಲಿ ಅವರು ಹಿಂದೆ ತಿರುಗಿ ಗಾಜಿನ ಕೆಳಗೆ ಅಂಗೈಯಿಂದ ಒತ್ತಿ ನೋಡಿದರು. ಬರಿಯ ತಗಡು. ಮೆಲ್ಲಗೆ ಹಿಂದಕ್ಕೆ ಒರಗಿದರು.

ಅನ್ನಪೂರ್ಣೇಶ್ವರಿ ನಗರದಲ್ಲಿ ತಿರುಗಿಸಿಕೊಂಡು ಬರುವಾಗ ನಾನು ಏನೋ ಕೇಳಿದೆ. ನೋಡಿದರೆ ಅತ್ತಿಗೆಗೆ ನಿದ್ದೆ. ಬಾಯಿ ಸ್ವಲ್ಪ ತೆರೆದಿತ್ತು, ಕವರ್ ಕಾಲ ಬಳಿ ಬಿದ್ದಿತ್ತು. ಆಸ್ಪತ್ರೆ ಸೇರಿದ ದಿನದಿಂದ ಅವರು ಮಲಗಿದ್ದನ್ನು ನಾನು ನೋಡಿರಲಿಲ್ಲ. ಯಾವ ಹೊತ್ತಿಗೆ ಕೆಳಗಿಳಿದು ಹೋದರೂ ಎದ್ದು ಕೂತೇ ಇರುತ್ತಿದ್ದರು.

ನಮ್ಮ ಮನೆಯ ತಿರುವು ಬಂತು. ಗಾಡಿ ನಿಂತರೆ ಎಚ್ಚರವಾಗುತ್ತದೆ ಅಂತ ತಿರುಗಿಸಲಿಲ್ಲ. ರಿಂಗ್ ರೋಡಿಗೆ ಬಂದೆ, ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆ ಹಿಡಿದೆ. ಭಾನುವಾರವಾದರೂ ಟ್ರಾಫಿಕ್ ಇತ್ತು. ಎಡಗಾಲು ನೋಯುತ್ತಿತ್ತು, ದಿಂಬು ಜಾರುತ್ತಿತ್ತು. ಕಣ್ಣು ನನಗೂ ಎಳೆಯುತ್ತಿತ್ತು.

ಕೆಂಗೇರಿ ಹತ್ತಿರ ಬಸ್ಸೊಂದು ಅಡ್ಡ ಬಂದು ಬ್ರೇಕ್ ಹಾಕಬೇಕಾಯಿತು. ಅತ್ತಿಗೆ ಕಣ್ಣು ಬಿಟ್ಟರು.

"ಎಲ್ಲಿದೀವಿ?"

"ಕೆಂಗೇರಿ."

"ಮನೆ ದಾಟಿ ಇಷ್ಟು ದೂರ ಯಾಕೆ ಬಂದ್ಯೋ?"

ನಾನು ಜಾರಿದ ದಿಂಬನ್ನು ಬೆನ್ನಿಗೆ ಸರಿ ಮಾಡಿಕೊಂಡೆ. ಅವರು ಬಾಯೊರೆಸಿಕೊಂಡು, ಹೊರಗೆ ನೋಡಿ, ಮತ್ತೆ ಸೀಟಿಗೆ ತಲೆ ಒರಗಿಸಿದರು.

"ಇನ್ನೊಂಚೂರು ಮುಂದಕ್ಕೆ ಹೋಗು" ಅಂದರು. "ಮನೇಲಿ ಏನಿದೆ ಈಗ."

ಬಸ್ಸು ಸರಿಯಿತು. ಗೇರು ಹಾಕಿ, ನೋಯುವ ಕಾಲನ್ನು ಕ್ಲಚ್ಚಿನಿಂದ ಮೆಲ್ಲಗೆ ಎತ್ತಿದೆ.