ಸೂಜಿ ಮಸೆಯುವ ಚನ್ನಾಜಮ್ಮ

ಬೆಳಗಿನ ಐದೂವರೆ. ಕೊಳ್ಳೇಗಾಲದ ಖಾಸಗಿ ದವಾಖಾನೆಯೊಂದರ ಹಿಂದಿನ ಕೋಣೆಯಲ್ಲಿ, ಸೀಮೆಎಣ್ಣೆ ಸ್ಟೌವ್ ಮೇಲೆ ಗಾಜಿನ ಸಿರಿಂಜುಗಳು ಕುದಿಯುತ್ತಿವೆ. ಅವರ ಬಗ್ಗೆ ಬರೆಯಲು ಬಂದ ನನ್ನೆದುರು ಆಯಾ ಚನ್ನಾಜಮ್ಮ ನೆಲದ ಮೇಲೆ ಕೂತು ಇಂಜೆಕ್ಷನ್ ಸೂಜಿಗಳನ್ನು ಸಾಣೆಕಲ್ಲಿಗೆ ಮಸೆಯುತ್ತಿದ್ದಾರೆ. ಮಸೆದ ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡುತ್ತಾರೆ. ಎಳೆ ಸಿಕ್ಕಿಕೊಂಡರೆ ಮೊನೆ ಮಡಚಿಕೊಂಡಿದೆ ಎಂದರ್ಥ, ಮತ್ತೆ ಕಲ್ಲಿಗೆ. ದಿನಕ್ಕೆ ನಲವತ್ತು ಸೂಜಿ.

ಏಳರ ಹೊತ್ತಿಗೆ ಸತ್ತೇಗಾಲದ ಬಸ್ಸಿನಲ್ಲಿ ನಾಟಿ ಹಾಕುವ ಹೆಂಗಸರು ಬಂದಿಳಿಯುತ್ತಾರೆ. ಬಗ್ಗಿ ಬಗ್ಗಿ ಸೊಂಟ ಹಿಡಿದವರಿಗೆ ಬೇಕಾದದ್ದು ಒಂದೇ, ಊತ ಇಳಿಸಿ ನೋವು ಕಳೆಯುವ ಆ ಇಂಜೆಕ್ಷನ್. ಅದನ್ನು ಸೊಂಟದ ಕೆಳಗೆ ಆಳವಾಗಿ ಚುಚ್ಚಬೇಕು. ಡಾಕ್ಟರು ಗಂಡಸು; ಈ ಹೆಂಗಸರು ಚುಚ್ಚಲು ತೋಳು ಬಿಟ್ಟು ಬೇರೇನೂ ಕೊಡುವುದಿಲ್ಲ. ಚನ್ನಾಜಮ್ಮ ದುಪ್ಪಟಿ ಅಡ್ಡ ಹಿಡಿದು ನಿಂತರೆ ಮಾತ್ರ ಒಪ್ಪುತ್ತಾರೆ.

"ಒಸಾ ಸೂಜಿ ಆಕ್ಸಕ್ಕ," ಎನ್ನುತ್ತಾಳೆ ಗುರುಬಸಮ್ಮ ಎಂಬಾಕೆ.

"ಓದ್ ವಾರ ನಿಂಗೆ ಚುಚ್ಚಿದ್ದೂ ಇದೇ ಕಣವ್ವ. ನಿನ್ನ ಗುರ್ತು ಅದೆ ಇದ್ಕೆ, ನೋಯ್ಸಕ್ಕಿಲ್ಲ."

ಸಾಲಿನಲ್ಲಿದ್ದವರೆಲ್ಲ ನಗುತ್ತಾರೆ.

ಚನ್ನಾಜಮ್ಮ ಹನೂರಿನವರು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಹದಿನಾರು ವರ್ಷ. ಮಕ್ಕಳಿಲ್ಲ. ಮಲಗುವುದೂ ಇದೇ ಕೋಣೆಯಲ್ಲಿ. ಈಗ ಅವರ ಬೆರಳಿನ ಗಿಣ್ಣುಗಳೇ ಊದಿಕೊಂಡಿವೆ. ಎರಡು ವರ್ಷ ಅದೇ ಇಂಜೆಕ್ಷನ್ ತೆಗೆದುಕೊಂಡು ಕೆಲಸ ಸಾಗಿಸಿದರು. ಕಳೆದ ಯುಗಾದಿಯಲ್ಲಿ ಬಚ್ಚಲಿನಲ್ಲಿ ರಕ್ತ ಕಾರಿಕೊಂಡರು. ಹೊಟ್ಟೆಯೊಳಗೆ ಹುಣ್ಣಾಗಿದೆ, ಇನ್ನೊಂದು ಹಾಕಿದರೆ ಪ್ರಾಣಕ್ಕೇ ಬರುತ್ತದೆ ಎಂದರು ಡಾಕ್ಟರು.

"ನಾನು ಅಣಿ ಮಾಡ್ಕೊಟ್ಟಿದ್ದು ಸೀಮೆಗೆಲ್ಲ ಆಯ್ತದೆ, ನಂಗೊಬ್ಳಿಗೆ ಆಗಕ್ಕಿಲ್ಲ."

ಈ ತಿಂಗಳು ಅವರ ಕೈಜಾರಿ ಮೂರು ಸಿರಿಂಜು ಒಡೆದಿವೆ. ಗೌರಿಹಬ್ಬ ಕಳೆದ ಮೇಲೆ ಬೇರೆಯವಳು ಬರುತ್ತಾಳೆಂದು ಡಾಕ್ಟರು ಮೆತ್ತಗೆ ತಿಳಿಸಿದ್ದಾರೆ. ಹಬ್ಬಕ್ಕೆ ಉಳಿದಿರುವುದು ಹತ್ತೊಂಬತ್ತು ದಿನ. ಆಮೇಲೆ ಎಲ್ಲಿಗೆ ಎಂದು ಕೇಳುತ್ತೇನೆ. ಅವರು ಸ್ಟೌವ್ ಆರಿಸಿ, ಬಿಸಿನೀರಿಗೆ ಬೆರಳದ್ದಿ, ಒಂದೊಂದನ್ನೇ ಬಿಡಿಸಿ ನೇರ ಮಾಡಿಕೊಳ್ಳುತ್ತಾರೆ. ಹೆಬ್ಬೆರಳು ಬಾಗುವುದಿಲ್ಲ.

"ಎಲ್ಗೆ ಓಗಾನವ್ವ? ನಂಗೂ ಒಂದೇ ಒಂದು ಸೂಜಿ ಆಕ್ಬುಡಿ ಅಂತ ಡಾಕ್ಟ್ರುನ್ನ ದಿನಾ ಕೇಳ್ತೀನಿ. ಪ್ರಾಣ ಓದ್ರೂ ಕೈ ಆಡ್ತಿರೋವಾಗ್ಲೇ ಓಯ್ತದೆ, ಬುಡಿ ಅಂತೀನಿ. ಆಕಕ್ಕಿಲ್ಲ ಅವ್ರು. ಒಳ್ಳೇರು ಕಣವ್ವ. ಅದೇ ಕಷ್ಟ."