ಮಣೆಯ ಮೇಲೆ ಕೂಡಬೇಕಾದವಳು

ಮಂದಾಕಿನಿಗೆ ಯಾವುದನ್ನೂ ಕೊನೆ ಮುಟ್ಟಿಸುವ ಗುಣವಿರಲಿಲ್ಲ. ಕದ್ವಾಡದಲ್ಲಿ ನಮ್ಮಿಬ್ಬರ ಮನೆಗಳ ನಡುವೆ ಇದ್ದದ್ದು ಒಂದು ದಾಸವಾಳದ ಬೇಲಿ. ಆಚೆ ಶುರುವಾಗಿ ಅರ್ಧಕ್ಕೆ ನಿಂತ ಕೆಲಸಗಳನ್ನೆಲ್ಲ ನಾನು ಈಚೆಯಿಂದ ನೋಡಿದ್ದೇನೆ. ಅವಳ ಹೊಲಿಗೆ ಯಂತ್ರದ ಮೇಲೆ ಉಪ್ಪಿನಕಾಯಿ ಭರಣಿ ಕೂತಿತ್ತು. ಹಿಂದಿ ಪರೀಕ್ಷೆಯ ಪುಸ್ತಕಗಳು ಗೆದ್ದಲಿನ ಪಾಲಾದವು. ಯೋಗವನ್ನೂ ಅವಳು ಹಾಗೆಯೇ ಹಿಡಿದು ಹಾಗೆಯೇ ಬಿಟ್ಟಳು. ಈ ಸಲ ಕಳೆದುಕೊಂಡದ್ದು ಮಾತ್ರ ದೊಡ್ಡದು.

ಅವಳಿಗೆ ಯೋಗ ಬೇಕಾಗಿದ್ದು ಮಗಳು ನಾಗಶ್ರೀಯ ಮದುವೆಗಾಗಿ. ನಮ್ಮ ಕಡೆ ಧಾರೆಯ ಹೊತ್ತಿಗೆ ಹುಡುಗಿಯ ತಂದೆತಾಯಿ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂಡಬೇಕು, ತಂದೆಯ ಕೈಮೇಲೆ ತಾಯಿ ನೀರು ಬಿಡಬೇಕು. ಇಬ್ಬರಲ್ಲಿ ಒಬ್ಬರಿಗೆ ಕೂಡಲಾಗದಿದ್ದರೂ ಮಣೆ ಚಿಕ್ಕಪ್ಪ ಚಿಕ್ಕಮ್ಮನಿಗೆ ಹೋಗುತ್ತದೆ. ಮಂದಾಕಿನಿಯ ಮೊಣಕಾಲು ಐವತ್ತಕ್ಕೆ ಮೊದಲೇ ಮಡಚುವುದನ್ನು ನಿಲ್ಲಿಸಿತ್ತು.

ಕುರ್ಚಿಯ ಮೇಲೆ ಕೂತು ಧಾರೆ ಎರೆಯುವುದು ಆಗಲೇ ಶುರುವಾಗಿತ್ತು. ಹಿಂದೊಮ್ಮೆ ಕಿನ್ನರ ಎಂಬ ಊರಿನ ಮದುವೆಯೊಂದರಲ್ಲಿ ಹುಡುಗಿಯ ತಾಯಿ ಹಾಗೆ ಕೂತಾಗ ಮಂದಾಕಿನಿ ನನ್ನ ಪಕ್ಕದಲ್ಲಿದ್ದಳು. ಪಾಠ ಹೇಳಿದವಳಾದ್ದರಿಂದ ಊರಿಗೆಲ್ಲ ನಾನು ಅಕ್ಕೋರು. "ನಾಟಕ ನೋಡ್ಲಿಕ್ಕೆ ಬಂದಂಗೆ ಕೂತಿದ್ದಾಳೆ ನೋಡಿ ಅಕ್ಕೋರೆ. ಕೈಗೊಂದು ಬೀಸಣಿಕೆ ಕೊಡಿ ಅವಳಿಗೆ," ಎಂದಳು, ಸುತ್ತಲಿನವರಿಗೆಲ್ಲ ಕೇಳುವಂತೆ. ಎಲ್ಲರೂ ನಕ್ಕರು. ಆ ತಾಯಿ ತಲೆ ತಗ್ಗಿಸಿ ಗಿಂಡಿಯ ನೀರು ಬಿಟ್ಟಳು. ಮಾತು ಮಂದಾಕಿನಿಗಿಂತ ಮೊದಲೇ ಕದ್ವಾಡ ಮುಟ್ಟಿತು ಮತ್ತು ಅಲ್ಲಿಯೇ ಉಳಿಯಿತು. ಕುರ್ಚಿಯ ದಾರಿಯನ್ನು ಅವಳು ತನ್ನ ನಾಲಿಗೆಯಿಂದಲೇ ಮುಚ್ಚಿಕೊಂಡಳು.

ಮೊದಲು ಕಾರವಾರದಲ್ಲಿ ನಡೆದ ಉಸಿರಾಟದ ಶಿಬಿರಕ್ಕೆ ಹೋದಳು. ಟೀವಿ ನೋಡಿ ಊರಿಗೆ ಊರೇ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದ ವರ್ಷಗಳು ಅವು. ಶಿಬಿರ ಮುಗಿಯುವವರೆಗೆ ಮೀನು ಬಿಡಬೇಕೆಂದರು. ಮರುದಿನ ಸಂಜೆಯೇ ಬೇಲಿಯಾಚೆಯಿಂದ ಬಂಗಡೆ ಹುರಿಯುವ ವಾಸನೆ ಬಂತು.

"ಶಿಬಿರ ಮುಗೀತಾ?" ಎಂದೆ.

"ಶಿಬಿರ ನಡೀತಾ ಉಂಟು ಅಕ್ಕೋರೆ. ನಾನು ಮುಗ್ಸಿದೆ. ಮೂಗಲ್ಲಿ ಬುಸ್ ಬುಸ್ ಮಾಡಿದ್ರೆ ಮೊಣಕಾಲು ಹ್ಯಾಂಗೆ ಮಡಚ್ತದೆ?"

ಆಮೇಲೆ ದೀಕ್ಷಾ ಎಂಬ ಹುಡುಗಿ ಅಂಗಡಿಯೊಂದರ ಮಾಳಿಗೆಯಲ್ಲಿ, ಜೋರಾಗಿ ಹಾಡು ಹಾಕಿ ಕಲಿಸುತ್ತಿದ್ದ ಪವರ್ ಯೋಗ. ಅಲ್ಲಿ ಪ್ಯಾಂಟು ಹಾಕಬೇಕೆಂಬ ಕಾರಣಕ್ಕೆ ಬಾಗಿಲಿನಿಂದಲೇ ತಿರುಗಿ ಬಂದಳು.

ಮೂರನೆಯದು ಅಂಕೋಲೆಯ ವೈಜಯಂತಿಬಾಯಿಯವರದು. ನರ್ಸ್ ಕೆಲಸದಿಂದ ನಿವೃತ್ತರಾದ ಅವರು ತಮ್ಮ ಮನೆಯ ಜಗುಲಿಯಲ್ಲಿ, ಒಂದು ಮರದ ಕುರ್ಚಿ, ಗೋಡೆ ಮತ್ತು ಹಳೆಯ ಸೀರೆಯ ಪಟ್ಟಿ ಇಟ್ಟುಕೊಂಡು ಕಲಿಸುತ್ತಿದ್ದರು. ಅಲ್ಲಿ ಅವಸರವಿಲ್ಲ, ಹಾಡಿಲ್ಲ, ಮೀನಿನ ವಿಚಾರಣೆಯೂ ಇಲ್ಲ. ಮಂದಾಕಿನಿ ಭಾನುವಾರಗಳಂದು ಬಸ್ಸು ಹಿಡಿದು ಹೋಗತೊಡಗಿದಳು. ಮಳೆಗಾಲ ಕಳೆಯುವಷ್ಟರಲ್ಲಿ, ಯಾರ ಕೈಯನ್ನೂ ಹಿಡಿಯದೆ ಬಸ್ಸಿನ ಮೆಟ್ಟಿಲು ಹತ್ತುವುದನ್ನು ನಾನೇ ನೋಡಿದೆ.

ಆದರೂ ಅವಳಿಗೆ ಅಸಮಾಧಾನ. "ಏಳ್ಲಿಕ್ಕೆ ಕಲಿಸ್ತಾರೆ ಅಕ್ಕೋರೆ. ಕೂಡ್ಲಿಕ್ಕೆ ಕಲಿಸೂದೇ ಇಲ್ಲ."

ಮುಂದಿನ ಮೇ ತಿಂಗಳಿಗೆ ಮದುವೆ ನಿಶ್ಚಯವಾದಾಗ ಅವಳು ವೈಜಯಂತಿಬಾಯಿಯವರನ್ನೇ ನೇರವಾಗಿ ಕೇಳಿದಳಂತೆ: "ಬಾಯಿ, ನೆಲದ ಮೇಲೆ ಕೂಡೂದು ಯಾವಾಗ ಹೇಳಿಕೊಡ್ತೀರಿ?"

"ನಿಮಗೆ ಅದು ಇಲ್ಲ," ಎಂದರಂತೆ ಅವರು. "ಸವೆದ ಮೊಣಕಾಲು. ಕುರ್ಚಿಯೇ ನಿಮ್ಮ ಆಸನ."

ಮುಂದಿನ ಭಾನುವಾರ ಅವಳು ಅಂಕೋಲೆಗೆ ಹೋಗಲಿಲ್ಲ. ಮೂರರಲ್ಲಿ ಅವಳ ದೇಹಕ್ಕೆ ಒಗ್ಗಿದ್ದು ಅದೊಂದೇ. ನೋವು ಕಡಿಮೆಯಾಗಿತ್ತು, ನಡಿಗೆ ಹಗುರವಾಗಿತ್ತು. ಅಲ್ಲಿಯೇ ಉಳಿದಿದ್ದರೆ ಮಣೆ ಸಿಗದಿದ್ದರೂ ಕಾಲು ಉಳಿಯುತ್ತಿತ್ತು. ಅವಳಿಗೆ ಬೇಕಾದದ್ದು ಕಾಲಲ್ಲ, ಮಣೆ.

ಪ್ಯಾಂಟು ಹೊಲಿಸಿಕೊಂಡು ದೀಕ್ಷಾಳ ಮಾಳಿಗೆ ಹತ್ತಿದಳು. ಮೊಣಕಾಲಿನ ವಿಷಯ ಬಾಯಿಬಿಡಲಿಲ್ಲ. ಚಿಟ್ಟೆಯ ರೆಕ್ಕೆಯಂತೆ ಕಾಲು ಅಗಲಿಸಿ ಕೂಡುವ ಆಸನದಲ್ಲಿ ಉಳಿದವರ ಮೊಣಕಾಲು ನೆಲ ಮುಟ್ಟಿದ್ದನ್ನು ನೋಡಿ, ತನ್ನದನ್ನು ಎರಡೂ ಕೈಯಿಂದ ಅದುಮಿದಳು. ಅಂದು ಅವಳನ್ನು ರಿಕ್ಷಾದಲ್ಲಿ ಕರೆತಂದರು. ಮದುವೆಗೆ ಒಂದು ತಿಂಗಳೂ ಉಳಿದಿರಲಿಲ್ಲ. ಡಾಕ್ಟರು, ಇನ್ನು ಮಡಚಿದರೆ ಕೋಲೇ ಗತಿ ಎಂದರು.

"ಕುರ್ಚಿ ತರಿಸ್ತೇನೆ. ಭಟ್ರೂ ಹೂಂ ಅಂದಿದ್ದಾರೆ," ಎಂದ ಗಂಡ ಶಾಂತಾರಾಮ.

"ಬೀಸಣಿಕೆನೂ ತರಿಸಿ," ಎಂದಳು ಮಂದಾಕಿನಿ. ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ಮಣೆ ಶಾಂತಾರಾಮನ ತಮ್ಮ ಸುಭಾಷ ಮತ್ತು ಅವನ ಹೆಂಡತಿ ಜಯಂತಿಗೆ ಹೋಯಿತು. ಜಯಂತಿ ಸ್ಥೂಲಕಾಯದ, ಹೆದರಿಕೆಯ ಹೆಂಗಸು. "ವಹಿನಿ, ನಂಗೆ ಬೇಡ," ಎಂದು ಅತ್ತಿಗೆಯೆದುರು ಅತ್ತಳಂತೆ. ಮಂದಾಕಿನಿಯೇ ಅವಳಿಗೆ ಧಾರೆ ಸೀರೆ ಆರಿಸಿ ತಂದಳು.

ಮದುವೆಯ ದಿನ ಮಂಟಪದ ಹಿಂದೆ ಮಂದಾಕಿನಿಗೆಂದು ಒಂದು ಕುರ್ಚಿ ಇಟ್ಟಿದ್ದರು. ಅವಳು ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಂತಳು, ಕೂಡಲಿಲ್ಲ. ನಾನು ಕೂಡುವಂತೆ ಸನ್ನೆ ಮಾಡಿದರೆ ಮುಖ ತಿರುಗಿಸಿದಳು. ಭಟ್ಟರು ಯಾವ ಮಂತ್ರವನ್ನೂ ಮೊಟಕುಗೊಳಿಸುವವರಲ್ಲ. ಜಯಂತಿಯ ಗಿಂಡಿಯಿಂದ ನೀರು ಬಿದ್ದಾಗಲೂ, ನಾಗಶ್ರೀ ತಲೆಯೆತ್ತಿ ಅಮ್ಮನನ್ನು ಹುಡುಕಿದಾಗಲೂ ಅವಳು ನಿಂತೇ ಇದ್ದಳು.

ಎಲ್ಲ ಮುಗಿದ ಮೇಲೆ ಜಯಂತಿಗೆ ಏಳಲಾಗಲಿಲ್ಲ. ಕಾಲು ಜೋಮು ಹಿಡಿದಿತ್ತು. ಸುಭಾಷ ಕೈ ಹಿಡಿದು ಎಳೆದ. ಅವಳು ಮತ್ತೆ ಕುಸಿದಳು.

"ಬೈತಖೋಲ ಬಂದರಿನಿಂದ ಕ್ರೇನ್ ತರಿಸ್ರೋ," ಎಂದರು ಹಿಂದಿನಿಂದ ಯಾರೋ. ಎಲ್ಲರೂ ನಕ್ಕರು. ಜಯಂತಿಯ ಮುಖ ಸೀರೆಯಷ್ಟೇ ಕೆಂಪಾಯಿತು.

ಮಂದಾಕಿನಿ ನಗಲಿಲ್ಲ. ಕುರ್ಚಿಯನ್ನು ದೂಡುತ್ತ, ಕುಂಟುತ್ತ ಮಂಟಪದೊಳಗೆ ಬಂದು ಅದನ್ನು ಜಯಂತಿಯ ಮುಂದೆ ಇಟ್ಟಳು.

"ಎರಡೂ ಅಂಗೈ ಇದರ ಮೇಲೆ ಊರು ಗೋ ಜಯಂತಿ. ಒಂದು ಪಾದ ಮುಂದೆ. ಅವಸರ ಬೇಡ. ಉಸಿರು ಬಿಡ್ತಾ ಏಳು," ಎಂದಳು. ಜಯಂತಿ ಪೂರ್ತಿ ಎದ್ದು ನಿಲ್ಲುವವರೆಗೆ ಕುರ್ಚಿ ಅಲುಗದಂತೆ ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.