ಕಾಲು ಸೂಪು ಕುಡಿದ ನಿಂಗರಾಜು

ಅರಕೆರೆ ಸುತ್ತಮುತ್ತ ಬೀಗರೂಟ ಅಂದರೆ ಅಡಿಗೆಗೆ ನಿಂಗರಾಜುವೇ ಬರಬೇಕು. ಪಾಂಡವಪುರದಿಂದ ಸಿಂಧಘಟ್ಟದವರೆಗೆ ಇಪ್ಪತ್ತೆಂಟು ವರ್ಷ ಮಟನ್ ಸಾರು ಕುದಿಸಿದ ಕೈ ಅದು. ಅಡಿಗೆಯವನು ರುಚಿ ನೋಡಲೇಬೇಕು, ಒಪ್ಪೋಣ. ಆದರೆ ಈಲಿ ಬೆಂದಿದೆಯಾ ಅಂತ ಲಿವರಿನ ನಾಲ್ಕು ತುಂಡು, ಬೋಟಿಗೆ ಖಾರ ಹಿಡಿದಿದೆಯಾ ಅಂತ ಕರುಳಿನ ಗೊಜ್ಜು ಒಂದು ಬಟ್ಟಲು, ಅದನ್ನು ರುಚಿ ನೋಡುವುದು ಅನ್ನುತ್ತಾರೆಯೇ? ಪಂಕ್ತಿಯಲ್ಲಿ ಕೂತವರಿಗಿಂತ ಮೊದಲೇ ಅವನ ಊಟ ಮುಗಿದಿರುತ್ತಿತ್ತು. ಪಕ್ಕದ ಮನೆಯವನು ನಾನು, ಕಣ್ಣಾರೆ ಕಂಡಿದ್ದೇನೆ.

ಕಳೆದ ವರ್ಷ ಅವನ ಮಗಳು ಅರ್ಪಿತಳ ಮದುವೆ ಗೊತ್ತಾಯಿತು. ಅವಳ ಬೀಗರೂಟಕ್ಕೆ ತಾನೇ ಒಲೆ ಮುಂದೆ ನಿಲ್ಲುವುದಾಗಿ ಊರಿಗೆಲ್ಲ ಹೇಳಿಕೊಂಡು ಬಂದ. ಇನ್ನು ಒಂದು ತಿಂಗಳಿದೆ ಅನ್ನುವಾಗ, ಒಂದು ಬೆಳಗ್ಗೆ ಬಲಗಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿಕೊಂಡಿತು. ಹೊದಿಕೆ ತಾಕಿದರೂ ಜೀವ ಹೋಗುವಂಥ ನೋವು.

ಹೆಂಡತಿ ಜಯಲಕ್ಷ್ಮಮ್ಮ ಡಾಕ್ಟರ ಹತ್ತಿರ ಹೋಗೋಣ ಅಂದಳು. ಇವನು ಕೇಳಬೇಕಲ್ಲ. "ಕಾಲ್ಗೆ ಕಾಲೇ ಮದ್ದು ಕಣೆ. ಮೇಕೆ ಕಾಲು ತರ್ಸು" ಅಂದ. ಒಂದು ವಾರ ದಿನಕ್ಕೆರಡು ಲೋಟ ಕಾಲು ಸೂಪು ಕುಡಿದ. ಊತ ಪಾದದವರೆಗೆ ಏರಿತು. ಸಾಲದೆಂದು ಸೂಪಿಗೆ ಮೆಣಸು ಜಾಸ್ತಿ ಹಾಕಿಸಿದ. ನನಗೆ ಸಿಟ್ಟು ಬಂತು. ನಾನೇ ಆಟೋ ಕರೆಸಿ ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಏನೇನು ತಿನ್ನುತ್ತೀರಿ ಎಂದು ಕೇಳಿದರು. ಇವನು ಹೆಮ್ಮೆಯಿಂದಲೇ ಪಟ್ಟಿ ಹೇಳಿದ. ಅವರು ನಕ್ಕುಬಿಟ್ಟರು.

"ಇದು ಗೌಟ್ ಅಂತ. ವಯಸ್ಸಾಗಿ ಕೀಲು ಸವೆದು ಬರೋ ನೋವಲ್ಲ. ರಕ್ತದಲ್ಲಿ ಯೂರಿಕ್ ಆಸಿಡ್ ಜಾಸ್ತಿಯಾದರೆ ಕೀಲಲ್ಲಿ ಸಣ್ಣ ಹರಳು ಕಟ್ಟುತ್ತೆ, ಅದಕ್ಕೇ ಈ ಉರಿ. ಈಲಿ, ಬೋಟಿ, ಸೂಪು ಎಲ್ಲ ಅದನ್ನ ಏರಿಸುತ್ತೆ. ನೀವು ಔಷಧಿ ಅಂತ ಕುಡಿದಿದ್ದೇ ಕಾಯಿಲೆಗೆ ಗೊಬ್ಬರ ಹಾಕ್ತಿತ್ತು."

"ಮಗಳ ಬೀಗ್ರೂಟದ ದಿನ ಒಲೆ ಮುಂದೆ ನಿಂತ್ಕತೀನಾ ಡಾಕ್ಟ್ರೇ?" ಅವನು ಕೇಳಿದ್ದು ಅದೊಂದೇ.

"ನಿಲ್ಲಬಹುದು. ನೀರು ಚೆನ್ನಾಗಿ ಕುಡೀರಿ. ನೋವು ನಿಂತಿತು ಅಂತ ನಾನು ಬರೆದುಕೊಟ್ಟ ಮಾತ್ರೆ ನೀವೇ ನಿಲ್ಲಿಸಬೇಡಿ. ಒಂದು ಚಮಚ ರುಚಿ ನೋಡಿದರೆ ಏನೂ ಆಗಲ್ಲ, ಬಟ್ಟಲು ಮಾತ್ರ ಬೇಡ."

ಹತ್ತು ದಿನದಲ್ಲಿ ಊತ ಇಳಿಯಿತು. ಆದರೆ ನಿಂಗರಾಜುವಿಗೆ ತನ್ನ ಕಾಲಿನ ಮೇಲೆ ನಂಬಿಕೆ ಬಂತೇ ಹೊರತು ನಾಲಿಗೆಯ ಮೇಲೆ ಬರಲಿಲ್ಲ. ಒಂದು ಚಮಚ ಯಾವಾಗ ಬಟ್ಟಲಾಗುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೀಗರೂಟದ ದಿನ ಮನೆ ಹಿಂದೆ ಒಲೆ ಉರಿಯುತ್ತಿತ್ತು. ನಿಂಗರಾಜು ಎರಡೂ ಕಾಲೂರಿ ನೆಟ್ಟಗೆ ನಿಂತಿದ್ದ. ಸಾರು ಕುದಿ ಬಂತು. ಸೌಟು ತುಂಬಿಸಿ ಬಾಯಿಯ ಹತ್ತಿರ ತಂದವನು ಹಾಗೇ ನಿಂತುಬಿಟ್ಟ. ಬಾಡೂಟದ ಒಲೆ ಗಂಡಸರದ್ದು ಎಂದು ಹೆಂಡತಿಯನ್ನು ಒಂದು ದಿನವೂ ಹತ್ತಿರ ಬಿಟ್ಟುಕೊಂಡವನಲ್ಲ ಅವನು.

"ಜಯಾ, ಬಾ ಇಲ್ಲಿ. ರುಚಿ ನೋಡು."

ಒಲೆ ಸುತ್ತ ಇದ್ದ ಗಂಡಸರು ಕೈಕೆಲಸ ಬಿಟ್ಟು ನೋಡಿದರು. ಜಯಲಕ್ಷ್ಮಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ಅಂಗೈಗೆ ಹಾಕಿಸಿಕೊಂಡು ನೆಕ್ಕಿದಳು.

"ಉಪ್ಪು ಸಾಲ್ದು. ಕಾಯೂ ಒಸಿ ಬೇಕು."

ನಿಂಗರಾಜುವಿನ ಮುಖ ಗಂಟಾಯಿತು. ಅವನ ಸಾರಿಗೆ ಅದುವರೆಗೆ ಯಾರೂ ಅಂಥ ಮಾತು ಹೇಳಿರಲಿಲ್ಲ. ಆದರೂ ಉಪ್ಪು ಹಾಕಿದ, ಕಾಯಿ ರುಬ್ಬಿಸಿದ.

ಬೀಗರು ಮೂರು ಮೂರು ಸಲ ಸಾರು ಕೇಳಿ ಬಡಿಸಿಕೊಂಡರು. ಗಂಡಿನ ಸೋದರಮಾವ ದೊಡ್ಡಬೀರಯ್ಯ ಕೈ ತೊಳೆದು ಬಂದು, "ಅಡ್ಗೆ ಯಾರ್ದು?" ಅಂತ ಕೇಳಿದರು.

"ಕೈ ನಂದು. ನಾಲ್ಗೆ ನಮ್ಮನೆಯವಳ್ದು" ಅಂದ ನಿಂಗರಾಜು.

ಎಂಜಲೆಲೆ ಎತ್ತುತ್ತಿದ್ದ ಜಯಲಕ್ಷ್ಮಮ್ಮ ತಲೆ ಎತ್ತಿ ಕೇಳಿದಳು, "ಮುಂದಿನ್ ಊಟ ಎಲ್ಲಿ? ನಾನೂ ಬತ್ತೀನಿ."